ಮೊದಲನೇ ಬೇಡ

ನವೆಂಬರ್ ೧೪

…ಅದೂ ಸಾಲದು ಅಂತ ಆ ಗಿರಾಕಿ ಹೆಂಗಸು ಸೀದಾ ಲೊರೆಟ್ಟಾ ಹತ್ರ ಹೋಗಿ ದೂರು ಬೇರೆ ಹೇಳಿದ್ಲು, ನಾನು ಅವಳನ್ನ ಅಟ್ಟಿಸ್ಕೊಂಡು ಹೋದೆ ಅಂತೆ! ಎಲ್ಲಿ ಅಟ್ಟಿಸ್ಕೊಂಡು ಹೋದೆ? ಹಿಂದೆ ಹೋದೆ, ಅಷ್ಟೇ. ಕೈಲಿ ತಟ್ಟೆ ಇತ್ತು, ತಟ್ಟೇಲಿ ಚೀಸ್ ಇತ್ತು. ಚೀಸ್ ಕೌಂಟರಿಂದ ಮೊಸರು ಡಬ್ಬಿ ಸಾಲಿನ ತನಕ ಹೋದೆ, ನಿಜ. ಓಡಲಿಲ್ಲ. ಬಿರಬಿರನೆ ನಡೆದೆ. "ಒಂದೇ ಒಂದು ತುಂಡು, ನನ್ನಾಣೆ ತಿನ್ನಿ" ಅಂದೆ. ಅದಕ್ಕೆ ಆಯಮ್ಮ ತಳ್ಳುಗಾಡಿ ತಿರುಗಿಸಿ ನಮ್ಮಿಬ್ಬರ ಮಧ್ಯೆ ಅಡ್ಡ ಇಟ್ಕೊಂಡ್ಲು. ನಾನೇನು ಹುಲಿನಾ?

ಲೊರೆಟ್ಟಾ ಕರೆದು ಕೇಳಿದ್ಲು. ಅಂಗಡಿ ಅವಳದ್ದೇ. ಅವಳಜ್ಜ ಇಟಲಿಯಿಂದ ಬಂದವನಂತೆ, ಆದ್ರೆ ಇವಳಿಗೆ ಇಟಲಿ ಮಾತು ಒಂದಕ್ಷರ ಬರಲ್ಲ.

"ಆಕೆ ಏನಂದ್ರು ನಿಂಗೆ?"

"ಬೇಡ ಅಂದ್ರು."

"ಎಷ್ಟು ಸಲ?"

"ಎರಡು ಸಲ. ಇನ್ನೊಂದು ಬಾಕಿ ಇತ್ತು."

"ಏನು ಬಾಕಿ?"

ಹೇಗೆ ಹೇಳೋದು ಇವಳಿಗೆ? ನಮ್ಮ ಅಲ್ಬೇನಿಯಾದ ಬೆಟ್ಟದ ಕಡೆ ಯಾರು ಮೊದಲನೇ ಸಲಕ್ಕೆ ಹೂಂ ಅಂತಾರೆ? ಮೊದಲನೇ ಬೇಡ ಮರ್ಯಾದೆಗೆ. ಎರಡನೇ ಬೇಡ ನಾಚಿಕೆಗೆ. ಮೂರನೇ ಸಲಕ್ಕೆ ತಗೋತಾರೆ. ಮೊದಲನೇ ಬೇಡಕ್ಕೇ ತಟ್ಟೆ ಹಿಂದಕ್ಕೆ ತಗೊಂಡ್ರೆ ಅತಿಥಿ ಹಸ್ಕೊಂಡು ಹೋಗ್ತಾನೆ, ಮನೆ ಮಾನ ಅವನ ಹಿಂದೇನೇ ಹೋಗುತ್ತೆ. ಇದನ್ನೆಲ್ಲ ನನ್ನ ಮುರುಕು ಇಂಗ್ಲಿಷಲ್ಲಿ ಹೇಳೋಕೆ ಹೋದೆ. ಲೊರೆಟ್ಟಾ ಕನ್ನಡಕ ತೆಗೆದು ಒರೆಸಿದ್ಲು.

"ನೋಡಮ್ಮ ಪ್ರೆಂದಾ, ಇಲ್ಲಿ ಬೇಡ ಅಂದ್ರೆ ಬೇಡ. ಒಂದು ಸಲ. ಉಗುರಿನಷ್ಟು ಚೀಸ್ ಕೊಡು, ನಗು, 'ಎಷ್ಟು ಕಟ್ಟಲಿ' ಅಂತ ಕೇಳು. ಇಲ್ಲ ಅಂದ್ರೆ, 'ನಿಮ್ಮ ದಿನ ಚೆನ್ನಾಗಿರಲಿ'. ಮುಂದಿನವರು."

ಅದೇ ಇನ್ನೊಂದು ತಾಪತ್ರಯ. ಎಷ್ಟು ಕಟ್ಟಲಿ ಅಂತೆ! ಒಬ್ಬರ ಬಾಯಿಗೆ ಇಟ್ಟು, ಇನ್ನೂ ಅಗೀತಿರುವಾಗ ಬೆಲೆ ಹೇಳೋದಾ? ಊರಲ್ಲಿ ನಮ್ಮಮ್ಮ ಕೇಳಿಸ್ಕೊಂಡ್ರೆ ಬಾಗಿಲು ಹಾಕ್ಕೋತಾಳೆ.

ಬಚ್ಚಲಲ್ಲಿ ನಲ್ಲಿ ಬಿಟ್ಕೊಂಡು ಮಾತಾಡ್ತಿದೀನಿ, ಸೋದರಮಾವನ ಮನೆ ಇದು, ಗೋಡೆ ಆಚೆ ಅತ್ತೆ ಮಲಗಿದಾರೆ. ಬರೆಯೋಣ ಅಂದ್ರೆ ಚೀಸ್ ಇಡೋ ಉಪ್ಪುನೀರಲ್ಲಿ ಕೈಯಾಡಿಸಿ ಬೆರಳೆಲ್ಲ ಸೀಳು. ಅದಕ್ಕೇ ಫೋನಿನ ರೆಕಾರ್ಡರಿಗೆ ಹೇಳೋದು. ಯಾರಿಗೂ ಅಲ್ಲ. ಹೇಳದೇ ಇದ್ರೆ ರಾತ್ರಿಯೆಲ್ಲ ಕಾಲು ಸುಮ್ನಿರಲ್ಲ.

ಲೊರೆಟ್ಟಾ ಇನ್ನೊಂದು ಮಾತೂ ಹೇಳಿದ್ಲು. ಹಬ್ಬದ ಸೀಸನ್ನಿಗೆ ಅಂತ ನನ್ನನ್ನೂ ಕೇಲಿಯನ್ನೂ ತಗೊಂಡಿದಾರಲ್ಲ, ಹೊಸ ವರ್ಷ ಆದ್ಮೇಲೆ ಒಬ್ಬಳಿಗೇ ಜಾಗ ಅಂತೆ. ಕೇಲಿ ಕಾಲೇಜು ಹುಡುಗಿ, ಇಲ್ಲೇ, ಇದೇ ವುಸ್ಟರ್ ಊರಲ್ಲಿ ಹುಟ್ಟಿದೋಳು. ಅವಳು ಯಾರ ಹಿಂದೇನೂ ಓಡಲ್ಲ.

ಕೆಲಸ ಸಿಗಲಿಲ್ಲಾಂದ್ರೆ ಮಾವ ನನ್ನನ್ನ ವಾಟರ್‌ಬರಿಗೆ ಕಳಿಸ್ತಾರೆ, ಆ ಊರಲ್ಲಿರೋ ಅವರ ದಾಯಾದಿಯ ಪಿಜ್ಜಾ ಹೋಟೆಲ್ ಅಡುಗೆಮನೆಗೆ. ಕೆಳಗೆ ಒಲೆ, ಮೇಲೆ ವಾಸ, ಅವನ ಹೆಂಡತಿ, ಅವನಮ್ಮ, ಅವನ ಮಕ್ಕಳು. ಸಿಕ್ಕಿದ್ರೆ ದೊರೋಟಾ ಮನೆ ರೂಮು. ನಮ್ಮ ಅಂಗಡೀಲಿ ಬಿಲ್ಲು ಹಾಕೋ ಪೋಲೆಂಡಿನ ದೊರೋಟಾ. ಖಾಯಂ ಕೆಲಸ ಇದ್ರೆ ಮಾತ್ರ ಕೊಡ್ತೀನಿ ಅಂದಿದಾಳೆ. ನೋಡಿ ಬಂದೆ. ರಸ್ತೆ ಕಡೆ ಕಿಟಕಿ ಇದೆ. ಬಾಗಿಲಿಗೆ ಒಳಗಿಂದ ಚಿಲಕ ಇದೆ! ಚಿಲಕ!

ನವೆಂಬರ್ ೧೯

ಈ ಜನಕ್ಕೆ ಚೀಸ್ ಬೇಕಾಗಿಲ್ಲ, ಅವರು ಹೋಗಿ ಬಂದ ಪ್ರವಾಸ ಬೇಕು. ಇವತ್ತೊಬ್ಬ ಬಂದ. "ಹನಿಮೂನಲ್ಲಿ ಫ್ಲಾರೆನ್ಸಲ್ಲಿ ಒಂದು ಚೀಸ್ ತಿಂದಿದ್ವಿ, ಅದೇ ಬೇಕು." ಹೆಸರೇನು ಸ್ವಾಮಿ? "ಗೊತ್ತಿಲ್ಲ. ಸೇತುವೆ ಪಕ್ಕ ಒಂದು ಹೋಟೆಲು, ಮಳೆ ಬರ್ತಿತ್ತು." ಮಳೆ ಎಲ್ಲಿಂದ ತರಲಿ ನಾನು? ಏನೋ ಒಂದು ಕುರಿಹಾಲಿಂದು ಕೊಟ್ಟೆ. ಕಣ್ಣು ಮುಚ್ಕೊಂಡ. "ಇದೇ!" ಅಂದ. ಅದು ಸ್ಪೇನಿಂದು.

ಬ್ರೀ ಅನ್ನೋ ಮೆತ್ತನೆ ಚೀಸ್ ಅಂದ್ರೆ ಪ್ರಾಣ ಬಿಡ್ತಾರೆ, ಆದ್ರೆ ಮೇಲಿನ ಬಿಳಿ ಸಿಪ್ಪೆ ನೋಡಿ ಪಿಸುಗುಟ್ಕೊಂಡು ಕೇಳ್ತಾರೆ, "ಇದನ್ನೂ ತಿನ್ನಬಹುದಾ?" ಐರ್ಲೆಂಡಿನ ಬೆಣ್ಣೆ, ಚಿನ್ನದ ಬಣ್ಣದ ಕಾಗದದ್ದು, ಬೆಳಿಗ್ಗೆ ಜೋಡಿಸಿದ್ರೆ ಸಂಜೆಗೆ ಖಾಲಿ. ಬೆಲ್ಜಿಯಂ ಚಾಕೊಲೇಟು, ಇಟಲಿಯ ಗುಳ್ಳೆ ವೈನು, ನಡುವೆ ಪಾಕ ಇರೋ ಡಚ್ಚರ ದೋಸೆ ಬಿಸ್ಕತ್ತು. ಆ ಬಿಸ್ಕತ್ತನ್ನ ಬಿಸಿ ಕಾಫಿ ಲೋಟದ ಮೇಲೆ ಮುಚ್ಚಳದ ಥರ ಇಡಬೇಕಂತೆ, ಪಾಕ ಕರಗುತ್ತಂತೆ. ಕೇಲಿ ತೋರಿಸಿಕೊಟ್ಲು. ಯುರೋಪಿನೋಳು ನಾನು, ಯುರೋಪಿನ ತಿಂಡಿ ತಿನ್ನೋದು ಹೇಗೆ ಅಂತ ಹೇಳಿಕೊಡೋಳು ಅವಳು. ನಮ್ಮೂರಲ್ಲಿ ನಾವು ಫ್ಲಾರೆನ್ಸ್ ನೋಡಿದ್ದು ಟೀವೀಲಿ, ಅದೂ ಕರೆಂಟ್ ಇದ್ದಾಗ.

"ನೀನು ಯುರೋಪಿನೋಳಾ? ಅದೃಷ್ಟವಂತೆ! ಇಂಥ ಚೀಸೆಲ್ಲ ದಿನಾ ತಿಂತಿದ್ಯಲ್ಲ!" ಅಂದ್ಲು ಒಬ್ಬ ಅಜ್ಜಿ. ಹೂಂ ಅಂದ್ಬಿಟ್ಟೆ. ಖುಷಿಯಾಗಿ ದೊಡ್ಡ ತುಂಡು ಕಟ್ಟಿಸ್ಕೊಂಡು ಹೋದ್ಲು.

ಅಮ್ಮ ಫೋನ್ ಮಾಡಿದ್ಲು. ಇಲ್ಲಿ ಬೂಷ್ಟು ಹಿಡಿದ ಚೀಸಿಗೇ ಜಾಸ್ತಿ ಬೆಲೆ ಅಂದೆ. "ಪಾಪ, ಅವರಿಗೆ ಹೇಳೋರು ಯಾರೂ ಇಲ್ವಾ?" ಅಂದ್ಲು.

ಈಗ ಮೆಟ್ಟಿಲ ಮೇಲೆ ಕೂತಿದೀನಿ, ಹೊರಗೆ. ಚಳಿ. ಒಳಗೆ ಕೂತ್ರೆ ಎದ್ದೇಳೋಣ ಅನ್ಸುತ್ತೆ, ಎದ್ರೆ ಎಲ್ಲಿಗೆ ಹೋಗೋದು ಗೊತ್ತಾಗಲ್ಲ.

ನವೆಂಬರ್ ೨೭

ಕಾಲು ಇದೆಯೋ ಇಲ್ವೋ ಗೊತ್ತಿಲ್ಲ. ನಾಳೆ ಇವರು ಟರ್ಕಿ ಕೋಳಿ ತಿನ್ನೋ ಹಬ್ಬ. ಊರಿಗೆ ಊರೇ ಕೌಂಟರ್ ಮುಂದೆ. ಚೀಟಿ ನಂಬರ್ ಕೂಗಿ ಕೂಗಿ ಗಂಟಲು ಒಣಗಿತು.

ಹೇಳ್ಬಿಟ್ಟೆ. "ಎಷ್ಟು ಕಟ್ಟಲಿ?" ಯಾವಾಗ ಹೇಳಿದೆ ಅಂತಾನೂ ಗೊತ್ತಾಗಲಿಲ್ಲ. ಮುಂದೊಬ್ಬ ಹೆಂಗಸು, ಅವಳ ಹೆಗಲ ಮೇಲೆ ಅಳೋ ಮಗು, ಅವಳ ಹಿಂದೆ ಇನ್ನಷ್ಟು ಜನ. ಬಾಯಿಗೆ ಗೌಡಾ ಚೀಸ್ ಕೊಟ್ಟೆ, ಎಷ್ಟು ಕಟ್ಟಲಿ ಅಂದೆ. ಅವಳು ಬೇಜಾರೇನೂ ಮಾಡ್ಕೊಳ್ಲಿಲ್ಲ. "ಅರ್ಧ ಪೌಂಡು" ಅಂದ್ಲು. ಅಷ್ಟೇ. ಮನೆ ಸೂರು ಕುಸೀಲಿಲ್ಲ.

ಲೊರೆಟ್ಟಾ ಹಿಂದಿಂದ ಹಾದು ಹೋಗ್ತಾ ಬೆನ್ನು ತಟ್ಟಿದ್ಲು. ಕೇಲಿ ನೋಡಿದ್ಲು.

ನವೆಂಬರ್ ೨೮

ರಜ. ಟರ್ಕಿ ಒಣಕಲು. ಮಾವ ಕೇಳಿದ್ರು, ಅಂಗಡಿಯವರು ಏನಾದ್ರೂ ಹೇಳಿದ್ರಾ ಅಂತ. ಇನ್ನೂ ಇಲ್ಲ ಅಂದೆ. "ವಾಟರ್‌ಬರಿಯವರು ಕೇಳ್ತಾನೇ ಇದಾರೆ" ಅಂದ್ರು.

ಡಿಸೆಂಬರ್ ೮

ಇವತ್ತು ಹಬ್ಬ ನಮ್ಮ ಅಂಗಡೀಲಿ! ಪಾರ್ಮೆಸಾನ್ ಚೀಸಿನ ಇಡೀ ಚಕ್ರ ಒಡೆಯೋ ದಿನ. ಬಂಡಿ ಚಕ್ರದ ಅಪ್ಪನಂಗಿದೆ ಅದು, ಇಬ್ಬರು ಎತ್ತಬೇಕು. ಕತ್ತರಿಸೋ ಹಾಗಿಲ್ಲ. ಬಾದಾಮಿ ಆಕಾರದ ಗಿಡ್ಡ ಚೂರಿಗಳು, ಸುತ್ತ ಚುಚ್ತಾ ಬರಬೇಕು, ಆಮೇಲೆ ಮೆಲ್ಲಗೆ ಮೀಟಬೇಕು. ಆಗ ಒಳಗಿಂದ ಬಂಡೆ ಬಿರಿದ ಹಾಗೆ ಒಂದು ಸದ್ದು, ಎರಡು ಹೋಳು, ಆ ವಾಸನೆ. ಜನ ಮೊಬೈಲ್ ಎತ್ತಿ ಹಿಡ್ಕೊಂಡು ಚಪ್ಪಾಳೆ ಹೊಡೆದ್ರು, ಮಗು ಹುಟ್ಟಿದಂಗೆ.

ಲೊರೆಟ್ಟಾ ಚೂರಿ ನನ್ನ ಕೈಗೆ ಕೊಟ್ಲು. ಕೇಲಿಗಲ್ಲ, ನನಗೆ.

ನಾನೀಗ ಪಳಗಿದೀನಿ. ಉಗುರಿನಷ್ಟು ಕೊಡು. ನಗು. ಎಷ್ಟು ಕಟ್ಟಲಿ. ಬೇಡ ಅಂದ್ರಾ? ನಿಮ್ಮ ದಿನ ಚೆನ್ನಾಗಿರಲಿ, ಕಣ್ಣು ಆಗಲೇ ಹಿಂದಿನವರ ಮೇಲೆ. ಎಷ್ಟು ಹಗುರ ಗೊತ್ತಾ? ಯಾರನ್ನೂ ಅಂಗಲಾಚಬೇಕಾಗಿಲ್ಲ, ಯಾರು ಯಾಕೆ ಬೇಡ ಅಂದ್ರು ಅಂತ ಮನೆಗೆ ಹೊತ್ಕೊಂಡು ಬರಬೇಕಾಗಿಲ್ಲ. ದಿನಾ ಒಬ್ಬ ಮುದುಕ ಬರ್ತಾನೆ, ಕೋಟು ಗುಂಡಿ ತಪ್ಪಾಗಿ ಹಾಕಿರ್ತಾನೆ, ರುಚಿ ನೋಡ್ತಾನೆ, ಏನೂ ತಗೊಳಲ್ಲ. ಮೊದಮೊದಲು ಅವನಿಗೆ ಎರಡು ತುಂಡು ಕೊಡ್ತಿದ್ದೆ. ಇವತ್ತು "ಸರ್, ನಿನ್ನೆ ಇದೇ ರುಚಿ ನೋಡಿದ್ರಿ" ಅಂದೆ. ನಗ್ತಾನೇ ಅಂದೆ. ಅವನೂ ನಕ್ಕ. ಹೋದ.

ದೊರೋಟಾ ಕೇಳಿದ್ಲು, ರೂಮಿಗೆ ಪರದೆ ಯಾವ ಬಣ್ಣ ಬೇಕು ಅಂತ. ಇನ್ನೂ ಕೆಲಸ ಆಗಿಲ್ಲ ಕಣೇ ಅಂದೆ. ಆದ್ರೂ ಹಸಿರು ಅಂದೆ.

ಡಿಸೆಂಬರ್ ೧೫

ನನ್ನ ತಪ್ಪೇನು ಹೇಳಿ ಇದ್ರಲ್ಲಿ? ಬೇಡ ಅಂದ್ರು, ತೆಗೆದೆ!

ಇವತ್ತು ಮಾವನ ಮಗಳು ದಿಲಾಳನ್ನ ಕೇಳೋಕೆ ಬೀಗರಾಗೋರು ಬಂದಿದ್ರು. ಹುಡುಗ, ಹುಡುಗನ ಅಪ್ಪ, ಹುಡುಗನ ಅಮ್ಮ ಮ್ರಿಕಾ. ಹುಡುಗ ಹುಡುಗಿ ಒಪ್ಕೊಂಡು ವರ್ಷ ಆಯ್ತು, ಆದ್ರೂ ಹಿರಿಯರು ಬಂದು ಕೂತು ಮಾತು ಕೊಟ್ಟು ಹೋಗೋದು ಅಂತ ಒಂದಿದೆಯಲ್ಲ. ಅತ್ತೆ ಬೆಳಗಿಂದ ನೆಲ ತಿಕ್ಕಿದ್ದೇ ತಿಕ್ಕಿದ್ದು. "ಪ್ರೆಂದಾ, ನೀನು ಚೀಸ್ ಅಂಗಡಿಯೋಳು, ತಟ್ಟೆ ನಿಂದು" ಅಂದ್ರು.

ಚೆನ್ನಾಗೇ ಮಾಡಿದೆ. ಬ್ರೀ, ಹಳೇ ಗೌಡಾ, ಸ್ವಿಟ್ಜರ್ಲೆಂಡಿಂದು ಒಂದು. ತೆಳ್ಳಗೆ, ಬೆಳಕು ಕಾಣೋ ಹಾಗೆ ಕತ್ತರಿಸಿ, ಒಂದೊಂದಕ್ಕೂ ಕಡ್ಡಿ ಚುಚ್ಚಿ, ನಡುವೆ ದ್ರಾಕ್ಷಿ. ಅಂಗಡೀಲಿ ಇಟ್ಟಿದ್ರೆ ಫೋಟೋ ತೆಗೀತಿದ್ರು. ಮ್ರಿಕಾ ಮುಂದೆ ಹಿಡಿದೆ.

"ಬೇಡಮ್ಮ, ಈಗ ತಾನೇ ಉಂಡು ಬಂದ್ವಿ" ಅಂದ್ರು.

ನಾನು ನಕ್ಕು "ಆಗ್ಲಿ, ನಿಮ್ಮ ದಿನ ಚೆನ್ನಾಗಿರಲಿ" ಅಂದು ತಟ್ಟೆ ಒಳಗೆ ತಗೊಂಡು ಹೋದೆ. ಚೀಸ್ ಒಣಗಬಾರದು ಅಂತ ಪ್ಲಾಸ್ಟಿಕ್ ಹಾಳೆ ಸುತ್ತಿ ಫ್ರಿಜ್ಜಿಗೂ ಇಟ್ಟೆ.

ಅತ್ತೆ ಅಡುಗೆಮನೆಗೆ ಬಂದ್ರು.

"ತಟ್ಟೆ ಎಲ್ಲೇ?"

"ಬೇಡ ಅಂದ್ರಲ್ಲ ಅತ್ತೆ."

"ಒಂದು ಸಲ!"

"ಹೂಂ. ಒಂದು ಸಲ."

"ನಿನ್ನ ತಲೆ! ಅದನ್ನ ಕಟ್ಟಿ ಒಳಗೆ ಬೇರೆ ಇಟ್ಯಾ? ಸದ್ದು ಅಲ್ಲಿಗೆ ಕೇಳಿಸ್ತು ಕಣೇ, ಆ ಹಾಳೆ ಚರ್ರಂತ ಹರಿದಿದ್ದು!"

ಒಮ್ಮೆ ಒಳಗೆ ಹೋದ ತಟ್ಟೆ ಮತ್ತೆ ಹೊರಗೆ ತರೋ ಹಾಗೂ ಇಲ್ಲ, ಬಿಡೋ ಹಾಗೂ ಇಲ್ಲ. ಮಾವ ಕಾಫಿ, ನಮ್ಮ ಕಡೆ ಸಾರಾಯಿ ರಾಕಿಯಾ ಅಂತ ಏನೇನೋ ಒತ್ತಾಯ ಮಾಡಿದ್ರು. ಮ್ರಿಕಾ ಕಾಫಿ ಅರ್ಧ ಕುಡಿದು ಬಟ್ಟಲು ಇಟ್ರು. ಹವಾಮಾನದ ಬಗ್ಗೆ ಮಾತಾಡಿದ್ರು. ಮದುವೆ ಮಾತು ಎತ್ತಲೇ ಇಲ್ಲ. ಹೊರಡುವಾಗ ಬಾಗಿಲಲ್ಲಿ ನಿಂತು, "ನಿಮ್ಮನೇಲಿ ಎಲ್ಲ ಅಚ್ಚುಕಟ್ಟು" ಅಂದ್ರು. ಅತ್ತೆ ಕೆನ್ನೆಗೆ ಹೊಡೆದಂಗಾಯ್ತು.

ಉಂಡು ಬಂದ್ವಿ ಅಂದ್ರು. ಉಂಡೇ ಬಂದಿದಾರೆ ಅಂದ್ಕೊಂಡೆ. ನಂಬಿದ್ದೂ ತಪ್ಪಾ?

ಡಿಸೆಂಬರ್ ೧೭

ಯಾರೂ ಮಾತಾಡ್ತಿಲ್ಲ. ದಿಲಾ ರಾತ್ರಿ ಗೋಡೆ ಕಡೆ ತಿರುಗಿ ಮಲಗ್ತಾಳೆ. ಇಬ್ಬರದೂ ಒಂದೇ ರೂಮು. "ನಿಂಗೇನು, ನೀನು ಚಿಲಕ ಇರೋ ರೂಮಿಗೆ ಹೋಗೋಳು" ಅಂದ್ಲು.

ಡಿಸೆಂಬರ್ ೨೩

ಅಂಗಡೀಲಿ ನಿಂತಲ್ಲಿ ನಿಲ್ಲೋಕೆ ಪುರುಸೊತ್ತಿಲ್ಲ, ಅದೇ ಒಳ್ಳೇದು. ಇಟಲಿಯ ಎತ್ತರದ ಸಿಹಿ ಬ್ರೆಡ್ಡು ಡಬ್ಬಿಗಳನ್ನ ಗೋಪುರದ ಥರ ಜೋಡಿಸಿದ್ವಿ, ಮಧ್ಯಾಹ್ನಕ್ಕೆ ಬುಡ ಕಾಣ್ತು. ಯಾರೂ ಅದನ್ನ ತಿನ್ನಲ್ಲ ಅಂತಾಳೆ ದೊರೋಟಾ, ಒಬ್ಬರು ಇನ್ನೊಬ್ಬರಿಗೆ ಕೊಡ್ತಾರೆ, ಅವರು ಮತ್ತೊಬ್ಬರಿಗೆ, ಫೆಬ್ರವರೀಲಿ ಯಾರ ಮನೇಲಿ ಉಳಿದುಬಿಡುತ್ತೋ ಅವರು ಹಕ್ಕಿಗೆ ಹಾಕ್ತಾರೆ.

ಕೇಲಿ ಇವತ್ತು ಸೀದಾ ಕೇಳಿದ್ಲು, "ನಿಂಗೆ ಈ ಕೆಲಸ ಬೇಕಾ?"

"ನಿಂಗೆ?"

"ಬೇಕು" ಅಂದ್ಲು. ಅಷ್ಟೇ. ಬೇಕು. ಯಾವ ಸುತ್ತುಬಳಸೂ ಇಲ್ಲ. ಎಷ್ಟು ಧೈರ್ಯ ಈ ಹುಡುಗೀರಿಗೆ.

ಮನೆಗೆ ಬಂದ್ರೆ ಮಾವ ನನಗೆ ಬಸ್ ಟಿಕೆಟ್ ತೆಗೆಸಿದಾರೆ. ಜನವರಿ ಎರಡಕ್ಕೆ, ವಾಟರ್‌ಬರಿಗೆ. "ಅಂಗಡಿಯವರು ಇಟ್ಕೊಂಡ್ರೆ ವಾಪಸ್ ಮಾಡೋಣ" ಅಂದ್ರು, ಆದ್ರೆ ನನ್ನ ಮುಖ ನೋಡ್ಲಿಲ್ಲ. ಮ್ರಿಕಾ ಯಾರ ಹತ್ರಾನೋ ಅಂದಿದಾರಂತೆ, "ಆ ಮನೇಲಿ ಅಂಗಡಿ ಥರ ಗಾಜಿನ ಹಿಂದೆ ಊಟ ಬಡಿಸ್ತಾರೆ" ಅಂತ. ಚರ್ಚಿನಲ್ಲಿ ಎಲ್ಲರೂ ಕೇಳಿಸ್ಕೊಂಡಿದಾರೆ.

ಮಾತಾಡೋಕೆ ಮನೇಲಿ ಜಾಗ ಇಲ್ಲ, ರಸ್ತೇಲಿ ನಡೀತಾ ಹೇಳ್ತಿದೀನಿ. ನಿಂತ್ರೆ ಕಾಲು ಮರಗಟ್ಟುತ್ತೆ. ಪೆಟ್ರೋಲ್ ಬಂಕ್ ತನಕ ಹೋಗೋದು, ವಾಪಸ್ ಬರೋದು. ಮತ್ತೆ ಹೋಗೋದು.

ಡಿಸೆಂಬರ್ ೩೦

ಉಸಿರು ತಗೋಬೇಕು ಮೊದ್ಲು. ಏನಾಯ್ತು ಅಂದ್ರೆ…

ಮ್ರಿಕಾ ಬಂದ್ರು. ಅಂಗಡಿಗೆ! ಉಣ್ಣೆ ಕಾಲರಿನ ಕೋಟು, ತಳ್ಳುಗಾಡಿ ತುಂಬ ಹೊಸ ವರ್ಷದ ಸಾಮಾನು. ಗುಳ್ಳೆ ವೈನು, ಐರ್ಲೆಂಡಿನ ಬೆಣ್ಣೆ, ಡೆನ್ಮಾರ್ಕಿನ ಬಿಸ್ಕತ್ತಿನ ನೀಲಿ ಡಬ್ಬಿ. ಕೌಂಟರಿಗೆ ಬಂದು ಗಾಜಿನೊಳಗಿನ ಚೀಸುಗಳನ್ನೇ ನೋಡ್ತಾ ನಿಂತ್ರು. ನನ್ನ ಕಡೆ ನೋಡ್ಲಿಲ್ಲ. ಹಿಂದೆ ಸಾಲು. ನನ್ನ ಎಡಕ್ಕೆ ಲೊರೆಟ್ಟಾ, ಮಿಷನ್ನಲ್ಲಿ ಹ್ಯಾಮ್ ಮಾಂಸ ಕತ್ತರಿಸ್ತಾ.

ಹುಡುಕ್ಕೊಂಡೇ ಬಂದಿದಾರೆ ಅಂತ ಗೊತ್ತಾಯ್ತು. ಚೀಸ್ ಅವರ ಮನೆ ಪಕ್ಕದ ಅಂಗಡೀಲೂ ಸಿಗುತ್ತೆ.

ಚೂರಿ ತಗೊಂಡೆ. ಉಗುರಿನಷ್ಟು ಅಲ್ಲ, ಹೆಬ್ಬೆರಳಿನಷ್ಟು ದಪ್ಪಕ್ಕೆ ಕತ್ತರಿಸಿದೆ. ಕೌಂಟರಿಂದ ಈಚೆ ಬಂದು, ಎರಡೂ ಕೈಲಿ ಹಿಡಿದೆ. ನಮ್ಮ ಮಾತಲ್ಲೇ ಹೇಳಿದೆ, "ತಗೊಳ್ಳಿ ದೊಡ್ಡಮ್ಮ."

"ಬೇಡಮ್ಮ."

"ಹಾಗನ್ನಬೇಡಿ. ನನ್ನ ಕೈಯಿಂದ ಒಂದು."

"ಹೊಟ್ಟೆ ತುಂಬಿದೆ."

ಲೊರೆಟ್ಟಾ ಮಿಷನ್ ನಿಲ್ಲಿಸಿದ್ಲು. ಸಾಲಲ್ಲಿದ್ದೋರೆಲ್ಲ ನೋಡ್ತಿದಾರೆ. ವಾಟರ್‌ಬರಿ ಬಸ್ಸು ಕಣ್ಣ ಮುಂದೆ ಬಂತು. ಆದ್ರೆ ದಿಲಾ ಗೋಡೆ ಕಡೆ ತಿರುಗಿದ ಬೆನ್ನೂ ಬಂತು.

"ತುಂಬಿದ ಹೊಟ್ಟೇಲೂ ಇದಕ್ಕೊಂದು ಮೂಲೆ ಇರುತ್ತೆ. ನನ್ನಾಣೆ ತಿನ್ನಲೇಬೇಕು. ತಿನ್ನದೇ ಇದ್ರೆ ನಾನು ಇಲ್ಲಿಂದ ಕದಲಲ್ಲ."

ಆಗ ನನ್ನ ಮುಖ ನೋಡಿದ್ರು. "ಅವತ್ತು ತಟ್ಟೆ ಎತ್ಕೊಂಡು ಓಡಿದ್ಯಲ್ಲೇ, ಕಳ್ಳಿ! ನಾನು ಬೆಳಗಿಂದ ಏನೂ ತಿಂದಿರ್ಲಿಲ್ಲ, ನಿಮ್ಮನೇಲಿ ತಿನ್ನೋಣ ಅಂತ. ವಾಪಸ್ ಹೋಗ್ತಾ ಬರ್ಗರ್ ತಿಂದ್ವಿ ಕಾರಲ್ಲಿ ಕೂತು, ಬೀಗರ ಮನೆಗೆ ಹೋಗಿದ್ದ ಬಟ್ಟೇಲಿ!"

"ಅಂಗಡಿ ಬುದ್ಧಿ ಮನೆಗೆ ತಗೊಂಡು ಹೋಗಿದ್ದೆ ದೊಡ್ಡಮ್ಮ. ಅತ್ತೆ ತಪ್ಪಿಲ್ಲ, ದಿಲಾದಂತೂ ಇಲ್ವೇ ಇಲ್ಲ."

ತಗೊಂಡ್ರು. ನಿಧಾನಕ್ಕೆ ಅಗಿದ್ರು. ಇಡೀ ಸಾಲು ಅವರ ದವಡೆ ನೋಡ್ತಿತ್ತು.

"ಉಪ್ಪು ಕಮ್ಮಿ" ಅಂದ್ರು. ಆಮೇಲೆ, "ನಿಮ್ಮತ್ತೆಗೆ ಹೇಳು. ಮುಂದಿನ ಭಾನುವಾರ ಬರ್ತೀವಿ. ಹಸ್ಕೊಂಡು ಬರ್ತೀವಿ."

ಹಿಂದೆ ನಿಂತಿದ್ದ ಗಡ್ಡದವನು ಕೂಗಿದ, "ಆಯಮ್ಮನಿಗೆ ಕೊಟ್ಟಷ್ಟೇ ದಪ್ಪಕ್ಕೆ ನನಗೂ ಕೊಡಿ, ನಾನು ಒಂದೇ ಸಲಕ್ಕೆ ಹೂಂ ಅಂತೀನಿ!" ಎಲ್ಲರೂ ನಕ್ರು. ಅವನು ದೊಡ್ಡ ತುಂಡೇ ಕಟ್ಟಿಸ್ಕೊಂಡ. ಅವನ ಹಿಂದಿನವಳೂ.

ಲೊರೆಟ್ಟಾ ಕೈ ಒರೆಸ್ಕೊಂಡು ಬಂದ್ಲು. ಬೈತಾಳೆ ಅಂದ್ಕೊಂಡೆ. ಮ್ರಿಕಾ ಇನ್ನೂ ಅಲ್ಲೇ ನಿಂತಿದಾರೆ, ಬ್ಯಾಗ್ ಸರಿ ಮಾಡ್ಕೋತಾ.

"ಅದೇನು ಮಾಡಿದ್ಯೋ ನಂಗೆ ಅರ್ಥ ಆಗ್ಲಿಲ್ಲ" ಅಂದ್ಲು ಲೊರೆಟ್ಟಾ, "ಆದ್ರೆ ಪ್ರೆಂದಾ, ಹೊಸ ವರ್ಷದಿಂದ ಈ ಕೌಂಟರ್ ನೋಡ್ಕೋತೀಯಾ? ಖಾಯಂ?"

ಒಂದೂವರೆ ತಿಂಗಳಿಂದ ಕಾಯ್ತಿದ್ದ ಮಾತು. ದೊರೋಟಾ ರೂಮು, ಹಸಿರು ಪರದೆ, ಚಿಲಕ, ಎಲ್ಲ ಆ ಒಂದು ಮಾತಲ್ಲಿ. ಪಕ್ಕದಲ್ಲಿ ಮ್ರಿಕಾ. ನನ್ನ ಕೈ ತಾನಾಗೇ ಎದೆ ಮೇಲೆ ಹೋಯ್ತು, ಬಾಯಿ ತಾನಾಗೇ ಅಂತು:

"ಅಯ್ಯೋ, ಬೇಡ ಬೇಡ. ಯಾಕೆ ಸುಮ್ನೆ ತೊಂದ್ರೆ."

ಮ್ರಿಕಾ ತಲೆ ಆಡಿಸಿದ್ರು, ಒಳ್ಳೇ ಮನೆ ಹುಡುಗಿ ಅನ್ನೋ ಹಾಗೆ.

ಲೊರೆಟ್ಟಾ "ಓ" ಅಂದ್ಲು. "ಸರಿ. ನೇರವಾಗಿ ಹೇಳಿದ್ದು ಒಳ್ಳೇದಾಯ್ತು. ಕೇಲಿ ಇವತ್ತು ರಜ, ನಾಳೆ ಬೆಳಿಗ್ಗೆ ಬಂದ ತಕ್ಷಣ ಅವಳನ್ನ ಕೇಳ್ತೀನಿ." ಹೋದ್ಲು.

ನಾನು ಚೂರಿ ಹಿಡ್ಕೊಂಡು ನಿಂತಿದ್ದೆ. ಎರಡನೇ ಸಲಕ್ಕೆ ಕಾಯ್ತಾ. ಬಾಗಿಲ ಹತ್ರ ತಿರುಗ್ತಾಳೆ ಅಂದ್ಕೊಂಡೆ. ತಿರುಗಲಿಲ್ಲ. ಹ್ಯಾಮ್ ಮಿಷನ್ ಹತ್ರ ಬಂದಾಗ ಕೇಳ್ತಾಳೆ ಅಂದ್ಕೊಂಡೆ. ಗಿರಾಕಿಗಳ ಮಧ್ಯೆ ಬಾಯಿ ಬಿಡೋಕಾಗ್ಲಿಲ್ಲ. ಸಾಲು ಕರಗೋ ಹೊತ್ತಿಗೆ ಕಾರು ಹತ್ತಿ ಹೋಗಿದ್ಲು.

ಮನೇಲಿ ಅತ್ತೆ ನನ್ನನ್ನ ಅಪ್ಕೊಂಡ್ರು. ದಿಲಾ ನನ್ನ ಕೈ ಹಿಡ್ಕೊಂಡು ಮಲಗಿದಾಳೆ, ಕಷ್ಟಪಟ್ಟು ಬಿಡಿಸ್ಕೊಂಡು ಎದ್ದು ಬಂದೆ. ಮಾವ ಟಿಕೆಟ್ ಮಾತು ಎತ್ತಲಿಲ್ಲ, ನಾನೂ ಹೇಳ್ಲಿಲ್ಲ. ಹೇಗೆ ಹೇಳೋದು, ಕೊಟ್ಟರು, ಬೇಡ ಅಂದೆ ಅಂತ?

ಲೊರೆಟ್ಟಾ ಫೋನ್ ಎತ್ತುತ್ತಿಲ್ಲ, ಮಲಗಿರ್ತಾಳೆ. ಬೀಪ್ ಆದ್ಮೇಲೆ ಮಾತಾಡಿ ಅಂತಿದೆ. ಒಂದು ಸಲ ಹೇಳಿ ನೋಡ್ಕೋತೀನಿ ಇಲ್ಲಿ, ಆಮೇಲೆ ಅಲ್ಲಿ ಹೇಳ್ತೀನಿ.

ಲೊರೆಟ್ಟಾ, ನಾನು ಪ್ರೆಂದಾ. ಇಷ್ಟು ಹೊತ್ತಲ್ಲಿ ಮಾಡಿದ್ದಕ್ಕೆ ಬೇಜಾರು ಮಾಡ್ಕೋಬೇಡಿ. ನಾನು ಬೇಡ ಅಂದಿದ್ದು ಬೇಡ ಅಂತ ಅಲ್ಲ. ಅದು ಮೊದಲನೇದು. ನೀವು ಇನ್ನೊಂದು ಸಲ ಕೇಳ್ತೀರ ಅಂತ… ಹೋಗ್ಲಿ, ಬಿಡಿ. ನಂಗೆ ಕೆಲಸ ಬೇಕು. ಬೇಕು. ಕೇಲಿಯನ್ನ ಕೇಳೋಕ್ ಮುಂಚೆ ನನ್ನ ಜೊತೆ ಮಾತಾಡಿ. ಬೆಳಿಗ್ಗೆ ಆರೂವರೆಗೆ ಫೋನ್ ಮಾಡ್ತೀನಿ. ಎತ್ತಲಿಲ್ಲಾಂದ್ರೆ ಆರೂಮುಕ್ಕಾಲಿಗೆ ಮಾಡ್ತೀನಿ. ಏಳಕ್ಕೆ ಇನ್ನೊಂದು ಸಲ.